ಕುಂಕುಮದ ಮರೆಯಲ್ಲಿ ಸತ್ತರೆ ಸಾವಲ್ಲ

ಹೋದ ಶನಿವಾರ ಸಂಜೆ ಸಾಗರದ ಬಸ್ ಸ್ಟ್ಯಾಂಡಿನ ಹಿಂದಿರುವ ವಿಡಿಯೋ ಗೇಮ್ ಅಂಗಡಿಯಲ್ಲಿ ನಾನು ಸತ್ತೆ. ಒಂದು ಸಲವಲ್ಲ, ಮೇಲಿಂದ ಮೇಲೆ ಸತ್ತೆ.

(ಸುದ್ದಿ ಕೇಳಿ ನಮ್ಮ ಮನೆಯವರೇನೂ ಗಾಬರಿಯಾಗಲಿಲ್ಲ. ಸೀರೆ ಉಟ್ಟುಕೊಂಡು ಅಲ್ಲಿಗೆ ಹೋಗಿದ್ದೆಯಾ ಎಂದಷ್ಟೇ ಕೇಳಿದರು. ಮತ್ತೇನು ಉಟ್ಟು ಹೋಗಬೇಕಿತ್ತು ಎಂದು ಮಾತ್ರ ಹೇಳಲಿಲ್ಲ.)

ನಿಮಗೆ ಗೊತ್ತೇ ಇದೆ, ನಾನು ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಕಂದಪದ್ಯ ಬಿಡಿಸಿ ಅಭ್ಯಾಸವಾದ ಕೈಗೆ ಆ ಯಂತ್ರದ ಹಿಡಿ ಒಗ್ಗಲೇ ಇಲ್ಲ. ಅಲ್ಲಿಗೆ ಹೋದದ್ದು ಆಟದ ಚಟಕ್ಕಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ಒಂದು ವರ್ಷ ಉಳಿಸುವುದಕ್ಕೆ.

ಅವಳು ಯಶೋದಾ. ಹೊಸನಗರದ ಕಡೆಯವಳು, ಫೈನಲ್ ಬಿ.ಎ. ಜಾನಪದವನ್ನು ಐಚ್ಛಿಕವಾಗಿ ತೆಗೆದುಕೊಂಡವರು ಹಳ್ಳಿ ತಿರುಗಿ, ಬಾಯಿಂದ ಬಾಯಿಗೆ ಬದಲಾಗುವ ಪಾಠಾಂತರಗಳನ್ನೂ ಸೇರಿಸಿ ಒಂದು ವರದಿ ಬರೆಯಬೇಕು. ಹೊರಗಿನಿಂದ ಬರುವ ಪರೀಕ್ಷಕರು ಅದನ್ನು ಒಪ್ಪಿ ಸಹಿ ಹಾಕಬೇಕು. ಹಾಕದಿದ್ದರೆ ಆ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಯಶೋದಾಳ ಅಣ್ಣನಂತೂ ಒಂದು ವರ್ಷ ಹೋದರೂ ಓದು ಅಲ್ಲಿಗೇ ನಿಲ್ಲುತ್ತದೆ ಎಂದು ಹೇಳಿಯೇ ಕಳಿಸಿದ್ದಾನೆ.

ಈ ಸಲದ ವಿಷಯ ‘ನಮ್ಮ ಸೀಮೆಯ ಆಟಗಳು’. ಉಳಿದವರೆಲ್ಲ ಚೆನ್ನೆಮಣೆ, ಚೌಕಾಬಾರ, ಹುಲಿಕಟ್ಟು ಎಂದು ಬರೆದು ತಂದರು. (ಹಿಂದಿನ ವರ್ಷದವರದನ್ನು ನೋಡಿ ಬರೆದು ತಂದರು ಎಂದರೆ ಇನ್ನೂ ಸರಿ.) ಯಶೋದಾ ಬರೆದದ್ದು ವಿಡಿಯೋ ಗೇಮಿನ ಬಗ್ಗೆ.

ಹೊಸನಗರದ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದುಂಟೇ? ಕಾಯುತ್ತಾ ನಿಂತವಳಿಗೆ ಹಿಂದಿನ ಅಂಗಡಿಯಿಂದ ದಿನವೂ ಒಂದೇ ವಾದ ಕೇಳಿಸುತ್ತಿತ್ತಂತೆ. ಒಬ್ಬ ನೀನು ಸತ್ತೆ ಅನ್ನುವುದು, ಇನ್ನೊಬ್ಬ ನಾನು ಸತ್ತಿಲ್ಲ ಅನ್ನುವುದು. ಸತ್ತನೋ ಇಲ್ಲವೋ ಎಂದು ಇಷ್ಟು ಹೊತ್ತು ಚರ್ಚೆ ಮಾಡುವಂಥದ್ದು ಏನಿದೆ ಎಂದು ಒಂದು ದಿನ ಒಳಗೆ ಹೋಗಿ ನೋಡಿದಳು.

ಅಂಗಡಿ ಮಂಜಪ್ಪನದು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಮನೆಮನೆಯ ಮೇಲೆ ಟೀವಿ ಆಂಟೆನಾ ಏಳುತ್ತಿರುವ ಈ ಕಾಲದಲ್ಲಿ ರೇಡಿಯೋ ರಿಪೇರಿಗೆ ಯಾರು ಬರುತ್ತಾರೆ? ಬೊಂಬಾಯಿಯ ಕಡೆಯಿಂದ ಜಪಾನಿನ ಯಂತ್ರವೊಂದನ್ನು ತರಿಸಿ ನಿಲ್ಲಿಸಿದ. ಬೀರುವಿನಷ್ಟು ಎತ್ತರ, ಎದೆಯ ಮಟ್ಟದಲ್ಲಿ ಟೀವಿಯಂಥ ಗಾಜು. ಹಿಡಿ ಆಡಿಸಿದರೆ ಪರದೆಯೊಳಗೆ ಒಂದು ಪುಟ್ಟ ವಿಮಾನ ಮೇಲೆ ಕೆಳಗೆ, ಅತ್ತ ಇತ್ತ ಹಾರುತ್ತದೆ. ಮೇಲಿನಿಂದ ವೈರಿಗಳು ಗುಂಡು ಹಾರಿಸುತ್ತಾ ಇಳಿಯುತ್ತಾರೆ. ತಾಗಿದರೆ ವಿಮಾನ ಢಂ. ಒಂದಾಟಕ್ಕೆ ಮೂರು ವಿಮಾನ.

ಇಷ್ಟು ಜಪಾನಿನದು. ಮುಂದಿನದು ಸಾಗರದ್ದು.

ಆಯುಧಪೂಜೆಯ ದಿನ ಮಂಜಪ್ಪ ಈ ಯಂತ್ರಕ್ಕೂ ಪೂಜೆ ಮಾಡಿದ. ಅನ್ನ ಕೊಡುವ ಯಂತ್ರ ಅಂದಮೇಲೆ ಮಾಡದೆ ಇರುತ್ತಾನೆಯೇ? ಚೆಂಡುಹೂವಿನ ಹಾರ ಹಾಕಿದ. ಹಣೆ ಎಲ್ಲಿದೆ ಎಂದು ಹುಡುಕಿ, ಸಿಗದೆ, ಕೊನೆಗೆ ಗಾಜಿನ ನಟ್ಟನಡುವೆ ಗಂಧ ಹಚ್ಚಿ ಅದರ ಮೇಲೆ ದಪ್ಪಗೆ ಕುಂಕುಮ ಇಟ್ಟ. ಹಾರವನ್ನು ಮಾರನೆಯ ದಿನ ತೆಗೆದ. ಕುಂಕುಮವನ್ನು ತೆಗೆಯಲಿಲ್ಲ.

ಪೂಜೆಯ ಕುಂಕುಮವನ್ನು ಯಾರಾದರೂ ಒರೆಸುತ್ತಾರೆಯೇ? ಅದು ತಾನಾಗಿ ಹೋಗಬೇಕು. ನಮ್ಮ ಸ್ಕೂಟರಿನ ಮೇಲಿನದು ಒಂದು ಮಳೆಗೆ ತೊಳೆದುಹೋಯಿತು. ಆದರೆ ಅಂಗಡಿಯೊಳಗಿನ ಗಾಜಿಗೆ ಮಳೆ ಎಲ್ಲಿಂದ ಬರಬೇಕು?

ಹಾಗಾಗಿ ತೊಂದರೆ ಶುರುವಾಯಿತು. ಕುಂಕುಮದ ಹಿಂದೆ ಬರುವ ಗುಂಡು ಕಾಣುವುದಿಲ್ಲ. ಅಲ್ಲಿ ಹೊಕ್ಕ ವಿಮಾನ ಯಾವ ಮಾಯದಲ್ಲೋ ಸಾಯುತ್ತದೆ. ಆಡುವವರು ತಕರಾರು ತೆಗೆದರು. ಮಂಜಪ್ಪ ಯೋಚಿಸಿ ಒಂದು ಕಾನೂನು ಮಾಡಿದ: ಕುಂಕುಮದ ಮರೆಯಲ್ಲಿ ಸತ್ತರೆ ಸಾವಲ್ಲ. ಹಾಗೆ ಸತ್ತವರಿಗೆ ಯಂತ್ರದ ಬಾಗಿಲು ತೆಗೆದು, ಒಳಗಿನ ಗುಂಡಿ ಒತ್ತಿ, ಇನ್ನೊಂದಾಟ ಕೊಡುತ್ತಾನೆ. ಅಷ್ಟೆಲ್ಲ ಯಾಕೆ, ಒಂದು ಸಲ ಒರೆಸಿಬಿಡಬಹುದಲ್ಲ ಎಂದು ಯಶೋದಾ ಕೇಳಿದಳಂತೆ.

“ಒರೆಸೋಕೆ ಬರಲ್ಲ ತಂಗಿ. ಇಟ್ಟೋನು ನಾನು. ಅದ್ರಿಂದ ಬೇರೆಯವ್ರಿಗೆ ಲುಕ್ಸಾನು ಆಗ್ಬಾರ್ದು ಅಷ್ಟೆ” ಎಂದನಂತೆ.

ಅಲ್ಲಿಂದ ಆಟವೇ ಬೇರೆಯಾಯಿತು. ಚಾಲಾಕಿಗಳು ಬೇಕೆಂದೇ ಮರೆಗೆ ಹೊಕ್ಕು ಕೂರತೊಡಗಿದರು. ಅದಕ್ಕೊಂದು ಹೊಸ ನಿಯಮ ಬಂತು: ಬೇಕೆಂದು ಹೊಕ್ಕವನ ಸಾವು ಸಾವೇ. ಬೇಕೆಂದು ಹೊಕ್ಕನೋ, ತಪ್ಪಿ ಹೊಕ್ಕನೋ ಎಂದು ತೀರ್ಮಾನ ಮಾಡುವವರು ಯಾರು? ಸುತ್ತ ನಿಂತು ನೋಡುವವರು. ವೈರಿಗಳಿಗೂ ನಮ್ಮೂರಿನ ಹೆಸರು ಬಂತು. ಬೆನ್ನು ಬಿಡದೆ ಜಿಗಣೆಯಂತೆ ಅಂಟಿಕೊಂಡು ಬರುವ ಸಣ್ಣವು ಉಂಬಳ. ಕೊನೆಯಲ್ಲಿ ಮೈಮೇಲೆ ನುಗ್ಗುವ ದೊಡ್ಡದು ಕಾಡುಕೋಣ.

ಯಶೋದಾ ಇದೆಲ್ಲವನ್ನೂ ಚೊಕ್ಕವಾಗಿ ಬರೆದಿದ್ದಳು. ಓದಿ ನನಗೆ ಖುಷಿಯಾಯಿತು. ಹೆಗ್ಗೋಡಿನಲ್ಲಿ ನಾಟಕ ನೋಡಿ ಬಂದವರು ವಾರಗಟ್ಟಲೆ ಚರ್ಚೆ ಮಾಡಿದರೆ ನಾವು ಅದನ್ನು ಸಂಸ್ಕೃತಿ ಅನ್ನುತ್ತೇವೆ. ಬಸ್ ಸ್ಟ್ಯಾಂಡಿನ ಹಿಂದೆ ಅದೇ ಚರ್ಚೆ ನಡೆದರೆ ಪೋಲಿಗಳ ಗಲಾಟೆಯೇ?

ಶನಿವಾರ ತೀರ್ಥಹಳ್ಳಿಯಿಂದ ಪರೀಕ್ಷಕರು ಬಂದರು. ಹಿರಿಯರು. ವರ್ಷಾನುಗಟ್ಟಲೆ ಊರೂರು ಅಲೆದು, ಅಟ್ಟ ಹತ್ತಿ ಹಳೆಯ ಚೆನ್ನೆಮಣೆಗಳನ್ನು ಹುಡುಕಿ ತೆಗೆದವರು. ಅವರ ಮೇಲೆ ನನಗೆ ಗೌರವವಿದೆ. ಯಶೋದಾಳ ವರದಿಯನ್ನು ಪೂರ್ತಿ ಓದಿದರು. ಓದಿ ಮುಚ್ಚಿಟ್ಟರು.

ಚೆನ್ನಾಗಿ ಬರೆದಿದ್ದೀಯಮ್ಮ, ಆದರೆ ಇದು ಜಾನಪದವಲ್ಲ ಎಂದರು. ಜಾನಪದವೆಂದರೆ ತಲೆಮಾರಿನಿಂದ ತಲೆಮಾರಿಗೆ ಬಂದದ್ದು, ಇದು ಮೊನ್ನೆ ಬಾಕ್ಸಿನಲ್ಲಿ ಬಂದದ್ದು, ಬೇರೆ ಆಟ ನೋಡಿ ಮುಂದಿನ ವರ್ಷ ಬರೆದು ತಾ ಎಂದರು. ಮುಂದಿನ ವರ್ಷ ಎಂದರೆ ಇವಳ ಓದೇ ಮುಗಿದಂತೆ. ಯಶೋದಾಳ ಮುಖ ಬಿಳಿಚಿಕೊಂಡಿತ್ತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

“ಬಾಕ್ಸಲ್ಲಿ ಬಂದಿದ್ದು ಯಂತ್ರ ಸರ್. ನಾನು ಬರ್ದಿದ್ದು ಕುಂಕುಮದ್ದು.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇದೇ ಸಮಯವೆಂದು ನಾನು ಬಾಯಿ ಹಾಕಿದೆ. ನಿಮ್ಮ ಬಸ್ಸಿಗೆ ಇನ್ನೂ ಹೊತ್ತಿದೆ, ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆಯೇ ಇದೆ, ಆಟ ನೋಡದೆ ತೀರ್ಮಾನ ಮಾಡುವುದು ಬೇಡ ಎಂದೆ. ಕ್ಷೇತ್ರಕಾರ್ಯದ ಮನುಷ್ಯ, ಆ ಮಾತಿಗೆ ಇಲ್ಲವೆನ್ನಲಾರರು ಎಂದು ನನಗೆ ಗೊತ್ತಿತ್ತು.

ಹಾಗೆ ನಾನು ಅಲ್ಲಿ ಹೋಗಿ ಸತ್ತದ್ದು. ಹಿರಿಯರಿಗೆ ಸಂಕೋಚವಾಗದಿರಲಿ ಎಂದು ಮೊದಲು ನಾನೇ ಹಿಡಿ ಹಿಡಿದೆ. ಉಂಬಳಗಳು ನನ್ನನ್ನು ಕ್ಷಣದಲ್ಲಿ ಮುಗಿಸಿದವು. ಆದರೂ ಒಂದು ಮಾತು ಹೇಳುತ್ತೇನೆ. ಆ ಕಪ್ಪು ಪರದೆ, ಅದರ ತುಂಬಾ ಸಣ್ಣ ಚುಕ್ಕಿಗಳು, ಸಾಲು ಮುರಿಯದೆ ಇಳಿದು ಬರುವ ಬಣ್ಣಗಳು, ಬಹಳ ಚೆಂದವಿದ್ದವು. ಯಾರೋ ಕೂತು ಪ್ರೀತಿಯಿಂದ ಬಿಡಿಸಿದ್ದಾರೆ. (ಸ್ಟಾಫ್ ರೂಮಿನಲ್ಲಿ ಇದನ್ನು ಹೇಳುವ ಧೈರ್ಯವಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.)

ಆಮೇಲೆ ಪರೀಕ್ಷಕರು ಚೀಲವನ್ನು ಯಶೋದಾಳ ಕೈಗೆ ಕೊಟ್ಟು ನಿಂತರು. ಕೈ ನಿಧಾನ, ಕಣ್ಣು ಚುರುಕು. ನನಗಿಂತ ಎಷ್ಟೋ ವಾಸಿ. ಕೊನೆಯ ವಿಮಾನ ಕುಂಕುಮದ ಹತ್ತಿರ ಸುಳಿಯಿತು, ಢಂ ಎಂದಿತು.

ಸುತ್ತ ನಿಂತವರು ಒಂದೇ ಬಾಯಲ್ಲಿ ಸಾವಲ್ಲ ಎಂದರು. ಹಿರಿಯರು, ಮೊದಲ ಸಲ ಬಂದವರು ಎಂಬ ದಾಕ್ಷಿಣ್ಯವೂ ಇತ್ತೆನ್ನಿ. ಮಂಜಪ್ಪ ಬೀಗದಕೈ ತೆಗೆದುಕೊಂಡು ಬಗ್ಗಿದ. ಪರೀಕ್ಷಕರು ಕೈ ಅಡ್ಡ ಹಿಡಿದರು.

“ತಡಿ ಮಾರಾಯ. ರೆಕ್ಕೆ ಹೊರಗಿತ್ತು, ನಾನೇ ನೋಡಿದೀನಿ. ಇದು ಸಾವೇ.”

ಮೈ ಒಳಗಿತ್ತಲ್ಲ ಎಂದರು ಕೆಲವರು. ಹೋದ ವಾರ ಇಂಥದ್ದೇ ಆದಾಗ ಮೂತಿ ಒಳಗಿದ್ದರೆ ಸಾಕು ಎಂದು ಬಿಟ್ಟಿದ್ದೇವೆ ಎಂದ ಇನ್ನೊಬ್ಬ. ಹಾಗಾದರೆ ಮೂತಿ ಹೊರಗಿದ್ದು ಬಾಲ ಒಳಗಿದ್ದರೆ ಏನು ಮಾಡುತ್ತೀರಿ ಎಂದು ಪರೀಕ್ಷಕರು ಕೇಳಿದರು. ಅದನ್ನು ಯಾರೂ ಯೋಚಿಸಿರಲಿಲ್ಲ. ವಾದ ಬೆಳೆಯಿತು. ಹೊರಗೆ ಕಂಡಕ್ಟರು ಹೊಸನಗರ, ತೀರ್ಥಹಳ್ಳಿ ಎಂದು ಕೂಗುತ್ತಿದ್ದ. ಒಂದು ನಿಮಿಷ ನಿಲ್ಲಿಸಲು ಹೇಳಿ ಎಂದು ಇವರು ನನ್ನನ್ನೇ ಓಡಿಸಿದರು. ಕೊನೆಗೆ ಮೂತಿಯೇ ಪ್ರಮಾಣ ಎಂದು ತೀರ್ಮಾನವಾಯಿತು. ಅದರ ಪ್ರಕಾರ ಅವರು ಸತ್ತಿರಲಿಲ್ಲ. ಇನ್ನೊಂದಾಟ ಬಾಕಿ ಇಟ್ಟುಕೊಂಡೇ ಬಸ್ಸು ಹತ್ತಿದರು.

ಯಶೋದಾಳೂ ಅದೇ ಬಸ್ಸಿಗೆ ಹೋದಳು. ಭಾನುವಾರವೆಲ್ಲ ನನಗೆ ಸಮಾಧಾನವಿರಲಿಲ್ಲ. ವಾದ ಮಾಡಿದ್ದೇನೋ ಸರಿ, ಸಹಿ ಹಾಕಬೇಕಲ್ಲ?

ಸೋಮವಾರ ಬೆಳಿಗ್ಗೆ ಅವಳು ವರದಿ ತಂದು ನನ್ನ ಮೇಜಿನ ಮೇಲಿಟ್ಟಳು. ಹೊಸನಗರದಲ್ಲಿ ಇಳಿಯುವ ಮೊದಲೇ ಸಹಿ ಹಾಕಿದ್ದರು, ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗಿತ್ತು. ನೋಡಿ ನನ್ನ ಕಣ್ಣು ತುಂಬಿತು. ಜೊತೆಗೆ ಒಂದಷ್ಟು ಅಂಕ ಕಳೆದು, ಅದಕ್ಕೆ ಕಾರಣವನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಮೂತಿಯ ನಿಯಮ ಬಿಟ್ಟುಹೋಗಿದೆ. ಪಾಠಾಂತರಗಳನ್ನು ಸೇರಿಸುವುದು.’

ಜಾನಪದವೇ ಅಲ್ಲದ ಆಟಕ್ಕೆ ಪಾಠಾಂತರ ಎಲ್ಲಿಂದ ಬಂತು, ಸರ್?