ಬನಹಟ್ಟಿಯ ಮಗ್ಗದ ಮನೆಯಲ್ಲಿ ರೌಟರ್‌ಗೆ ಸಿಗದ ಪೆಟ್ಟಿಗೆ

ಓದುಗರಿಗೆಲ್ಲ ನಮಸ್ಕಾರ. ನಾನು ತಡವಾಗಿ ಶಾಲೆ ಸೇರಿದವನು. ಹುನ್ನೂರಿನಲ್ಲಿ ಕುರಿ ಕಾಯುವುದು ಬಿಟ್ಟು ಅಕ್ಷರ ಕಲಿಯುವಾಗ ನನಗೆ ಮೀಸೆ ಬಂದಿತ್ತು. ಈಗಲೂ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತೇನೆ. ತಪ್ಪಿದ್ದಲ್ಲಿ ಹೊಟ್ಟೆಗೆ ಹಾಕಿಕೊಳ್ಳಿ.

ಜಮಖಂಡಿಯಲ್ಲಿ ನನ್ನದು ಕಂಪ್ಯೂಟರ್, ನೆಟ್‌ವರ್ಕ್ ರಿಪೇರಿ ಅಂಗಡಿ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕರೆದರೆ ಬೈಕ್ ಮೇಲೆ ಹೋಗುತ್ತೇನೆ. ಹೋದ ವರ್ಷ ಶ್ರಾವಣ ಮುಗಿದ ಮೇಲೆ ಬನಹಟ್ಟಿಯಿಂದ ಶಾಂತವ್ವ ಎಂಬವರು ಫೋನ್ ಮಾಡಿದರು. ಅವರ ಗಂಡ ಗುರುಪಾದಪ್ಪ ಸೀರೆಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುತ್ತಿದ್ದರು. ಅವರು ತೀರಿಕೊಂಡಾಗ ಕಂಪ್ಯೂಟರಿನ ಡಿಸೈನ್ ಓದಿ ನೇಯುವ ಮನೆಯ ಜಕಾರ್ಡ್ ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿತ್ತು. ಒಡಲು ನೇಯ್ದಾಗಿತ್ತು, ಸೆರಗು ಬಾಕಿ. ಸೆರಗಿನ ಡಿಸೈನ್ ಹಳೆಯ ಪೆಟ್ಟಿಗೆಯೊಂದರಲ್ಲಿದೆ, ಆ ಪೆಟ್ಟಿಗೆ ಹೊಸ ರೌಟರ್‌ಗೆ ಸಿಗುತ್ತಿಲ್ಲ ಎಂದರು.

ಆ ಪೆಟ್ಟಿಗೆಗೆ ನ್ಯಾಸ್ ಎನ್ನುತ್ತಾರೆ. ಒಳಗೆ ಹಾರ್ಡ್‌ಡಿಸ್ಕ್ ಇರುತ್ತದೆ. ಅದನ್ನು ರೌಟರ್‌ಗೆ ಜೋಡಿಸಿಟ್ಟರೆ ಮನೆಯ ಯಾವ ಕಂಪ್ಯೂಟರಿನಿಂದಲೂ ಫೈಲ್ ತೆಗೆಯಬಹುದು.

ನಾನು ಹೋದಾಗ ಮಗ್ಗದ ಮುಂದೆ ಶಾಂತವ್ವನವರ ಮೈದುನ ಈರಪ್ಪ ನಿಂತಿದ್ದ. ಮಗ್ಗ ನಡೆಸುವವನು ಅವನೇ.

"ವೈನಿ, ಇವತ್ತ ಆಗ್ಲಿಲ್ಲಂದ್ರ ನಾಳೆ ಮುಂಜಾನಿ ಸೀರಿ ಕೊಯ್ದು ಬ್ಯಾರೆ ಸೀರಿಗೆ ನೂಲಿನ ಹಾಸು ಏರಸ್ತೀನಿ. ಎಷ್ಟ ದಿನಾ ಅಂತ ಮಗ್ಗಾ ಸುಮ್ನ ನಿಂದ್ರಸೂದು?"

"ಮಗ್ಗದ ಮ್ಯಾಲಿನ ಸೀರಿ ಅರ್ಧಕ್ಕ ಕೊಯ್ಯೂದಿಲ್ಲೋ ನಮ್ಮ ಮನ್ಯಾಗ. ನಿಮ್ಮ ಅಣ್ಣ ಇದ್ದಾಗ ಹಿಂಗ ಅಂತಿದ್ದೇನು?"

"ಅಣ್ಣ ಇದ್ದಿದ್ರ ಸೀರಿನ ಮುಗೀತಿತ್ತು."

ನಾನು ಕೇಬಲ್ ಬದಲಿಸಿದೆ. ರೌಟರಿನ ಬೇರೆ ಪೋರ್ಟಿಗೆ ಹಾಕಿದೆ. ಪೆಟ್ಟಿಗೆಯ ದೀಪ ಹತ್ತುತ್ತಿತ್ತು, ಡಿಸ್ಕ್ ತಿರುಗುತ್ತಿತ್ತು. ಆದರೆ ರೌಟರಿನ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದಿಗೆ ಕಿವಿ ಮರಗಟ್ಟಿತ್ತು.

"ಪೆಟ್ಟಿಗಿ ಹಿಂದ ಒಂದು ತೂತ ಐತಲ್ರಿ," ಅಂದ ಈರಪ್ಪ. "ಅದರಾಗ ಸೂಜಿ ಚುಚ್ಚಿದ್ರ ಆಗ್ತೈತಂತ. ಮೊಬೈಲ್ ಅಂಗಡ್ಯಾಂವ ಹೇಳಿದ."

"ಅದು ರೀಸೆಟ್ ತೂತ್ರಿ. ಚುಚ್ಚಿದ್ರ ಆಗಬಹುದು, ಇಲ್ಲಾ ಒಳಗಿಂದೆಲ್ಲಾ ಹೋಗಬಹುದು. ಈ ಮಾಡೆಲ್ಲಿನ್ಯಾಗ ಯಾವುದು ಅಂತ ನನಗೂ ಗೊತ್ತಿಲ್ರಿ."

"ಹಂಗಾರ ಆ ಅಂಗಡ್ಯಾಂವನ ಛಲೋ ಬಿಡ್ರಿ, ಅವಂಗ ಎಲ್ಲಾ ಗೊತ್ತೈತಿ."

ಶಾಂತವ್ವ ಅವನ ಕಡೆ ನೋಡಿದರು. ಅವನು ಹೊರಗೆ ಹೋದ.

ಹಳೆಯ ರೌಟರ್ ಸಿಡಿಲಿಗೆ ಸುಟ್ಟಿತ್ತಂತೆ. ಅದನ್ನು ಎಸೆದಿರಾ ಎಂದು ಕೇಳಿದೆ. "ಅವರ ಕೈಯಾಗಿನ ಸಾಮಾನು ಯಾವುದೂ ಒಗದಿಲ್ರಿ ಅಣ್ಣಾರ," ಎನ್ನುತ್ತ ಟ್ರಂಕಿನಿಂದ ತಂದುಕೊಟ್ಟರು. ಅದರ ತಳದ ಚೀಟಿಯಲ್ಲಿ 192.168.0.1 ಎಂದಿತ್ತು. ಹೊಸ ರೌಟರಿನದು 192.168.1.1. ಮೂರನೇ ಅಂಕಿ ಬೇರೆಯಾದರೆ ವಿಳಾಸದ ಸರಣಿಯೇ ಬೇರೆ. ಗುರುಪಾದಪ್ಪನವರು ಪೆಟ್ಟಿಗೆಗೆ ಹಳೆಯ ಸರಣಿಯ ವಿಳಾಸವನ್ನು ಕೈಯಾರೆ ಬರೆದು ಕಾಯಂ ಮಾಡಿರಬೇಕು ಎನಿಸಿತು. ಹೊಸ ರೌಟರ್ ತನ್ನ ಸರಣಿಯಲ್ಲಿ ಮಾತ್ರ ಹುಡುಕುತ್ತದೆ. ಹಾಗಾಗಿ ಪೆಟ್ಟಿಗೆ ಅಲ್ಲೇ ಇದ್ದರೂ ಇಲ್ಲದಂತೆ.

ರೌಟರ್ ಬಿಟ್ಟು ಪೆಟ್ಟಿಗೆಯನ್ನು ನೇರ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಲ್ಯಾಪ್‌ಟಾಪಿಗೂ ಹಳೆಯ ಸರಣಿಯ ವಿಳಾಸ ಕೊಟ್ಟು ಹುಡುಕಿದೆ. ಪೆಟ್ಟಿಗೆ ಉತ್ತರ ಕೊಟ್ಟಿತು, ಫೈಲ್ ತೆರೆಯಲಿಲ್ಲ. ಇಷ್ಟು ಹಳೆಯ ಪೆಟ್ಟಿಗೆಗಳು ಫೈಲ್ ಕೊಡುವ ಪದ್ಧತಿಯನ್ನು ಹೊಸ ವಿಂಡೋಸ್ ಭದ್ರತೆಗಾಗಿ ಮುಚ್ಚಿರುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ತೆರೆದು ರೀಸ್ಟಾರ್ಟ್ ಮಾಡಿದೆ. ಫೋಲ್ಡರ್‌ಗಳು ಬಂದವು.

"ಸಿಕ್ತ್ರೀ ಅಕ್ಕಾರ," ಅಂದೆ.

ಶಾಂತವ್ವ ಸೆರಗು ಹೊದ್ದುಕೊಂಡು ಬಾಗಿಲಿಗೆ ಹೋಗಿ, "ಈರಪ್ಪಾ, ಬಾರೋ, ಸಿಕ್ಕೈತಿ! ಮಗ್ಗಾ ತಯಾರ ಮಾಡು," ಎಂದು ಕೂಗಿದರು.

ಎಲ್ಲವನ್ನೂ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಸೆರಗಿನ ಫೈಲನ್ನು ಡಿಸೈನ್ ಸಾಫ್ಟ್‌ವೇರ್ ಇದ್ದ ಗುರುಪಾದಪ್ಪನವರ ಕಂಪ್ಯೂಟರಿನಲ್ಲಿ ತೆರೆದೆ. ಚೌಕಗಳ ಮೇಲೆ ಸಾಲಾಗಿ ಜೋಳದ ತೆನೆಗಳು. ಅರ್ಧದಲ್ಲಿ ಒಂದು ತೆನೆಗೆ ದಂಟಿತ್ತು, ಕೆಲವೇ ಕಾಳಿದ್ದವು. ಅದರ ಮುಂದೆ ಬರೀ ಖಾಲಿ ಚೌಕ. ಫೈಲಿನ ಕೊನೆಯ ತಾರೀಖು ಓದಿ ಹೇಳಿದೆ.

"ದವಾಖಾನಿಗೆ ಹೋದ ಹಿಂದಿನ ದಿನಾರೀ ಅದು," ಎನ್ನುತ್ತ ಶಾಂತವ್ವ ಪರದೆಯ ಹತ್ತಿರ ಬಾಗಿ, "ಬ್ಯಾರೆ ಹೆಸರಿನ್ಯಾಗ ಇಟ್ಟಾರೇನು ನೋಡ್ರಿ," ಅಂದರು.

ಪ್ರತಿ ಫೋಲ್ಡರ್ ತೆರೆದು ನೋಡಿದೆ. ಅಳಿಸಿದ ಫೈಲುಗಳನ್ನೂ ಹುಡುಕಿದೆ. ಆಗ ನನಗೆ ದುಃಖವೂ ಆಗಲಿಲ್ಲ, ಏನೂ ಆಗಲಿಲ್ಲ. ಬೆರಳು ಮೌಸ್ ಒತ್ತುತ್ತಿತ್ತು, ಅಷ್ಟೇ.

"ಇಲ್ರಿ ಅಕ್ಕಾರ. ಅವರು ಬರೆದದ್ದ ಇಷ್ಟ ಐತ್ರಿ."

ಈರಪ್ಪನ ದನಿ ಇಳಿದಿತ್ತು. "ವೈನಿ, ರಬಕವ್ಯಾಗ ಡಿಸೈನ್ ತೆಗ್ಯಾವ್ರು ಅದಾರ. ಉಳದದ್ದ ತುಂಬಸೂಣು. ಅಲ್ಲೀತನಾ ನಾ ಕೊಯ್ಯೂದಿಲ್ಲ."

"ಬ್ಯಾಡ. ಖಾಲಿ ಇದ್ದದ್ದ ಖಾಲಿನ ನೇಯಿ."

ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಮಗ್ಗ ಶುರುವಾಯಿತು. ನಾನು ಪೆಟ್ಟಿಗೆಗೆ ಹೊಸ ಸರಣಿಯ ವಿಳಾಸ ಬರೆದು ರೌಟರ್‌ಗೆ ಹಾಕಿದೆ, ಪಟ್ಟಿಯಲ್ಲಿ ಹೆಸರು ಬಂತು. ಯಾರೂ ಅದನ್ನು ನೋಡಲಿಲ್ಲ. ತೆನೆಗಳು ಮುಗಿದು ಸಾದಾ ಬಟ್ಟೆ ಬರತೊಡಗಿದಾಗ ಶಾಂತವ್ವ ಮಗ್ಗದ ಹತ್ತಿರ ಹೋಗಿ ನಿಂತರು. ಸೆರಗು ಮುಗಿದ ಮೇಲೆ ಈರಪ್ಪ ಸೀರೆ ಕೊಯ್ದು ಅವರ ಕೈಗೆ ಕೊಟ್ಟ. ಅವರು ಖಾಲಿ ಭಾಗದ ಮೇಲೆ ಕೈಯಾಡಿಸಿ, ನನಗೆ ಚಹಾ ಇಡಲು ಒಳಗೆ ಹೋದರು.

ಈಗ ಯಾರೇ ಹಳೆಯ ಪೆಟ್ಟಿಗೆ ತಂದರೂ ಅದರ ಫೋಲ್ಡರ್‌ಗಳು ಕಾಣಿಸಿದ ಕೂಡಲೇ "ಸಿಕ್ತು" ಎನ್ನುವುದಿಲ್ಲ. ಅವರಿಗೆ ಬೇಕಾದ ಫೈಲ್ ಯಾವುದೆಂದು ಕೇಳಿ, ಅದನ್ನು ಕೊನೆಯವರೆಗೆ ನೋಡಿ, ಆಮೇಲೆ ಬಾಯಿ ಬಿಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ತೀರಿಕೊಂಡವರ ಪೆಟ್ಟಿಗೆ ತೆರೆಯುವ ಕೆಲಸ ಬಂದಿದ್ದರೆ, ಒಳಗೆ ಇಲ್ಲದ್ದನ್ನು ಮನೆಯವರಿಗೆ ಹೇಗೆ ಹೇಳಿದಿರಿ ಎಂದು ಬರೆಯಿರಿ. ನನಗೆ ಇನ್ನೂ ಸರಿಯಾದ ಮಾತು ಬಂದಿಲ್ಲ.