‘ಹ’ ಬಿಟ್ಟರೂ ಸಿಗುವ ಹೆಸರು

ನಿಂಗರಾಜು ಸೋಮಾರಿ. ಪಕ್ಕದ ಅಂಗಡಿಯ ಟೀಯನ್ನೂ ಅವನಿಗೆ ಯಾರಾದರೂ ತಂದುಕೊಡಬೇಕು. 1999ರಲ್ಲಿ ಪಾಂಡವಪುರದ ನಮ್ಮ ಕಣ್ಣಿನ ಚಿಕಿತ್ಸೆಯ ಟ್ರಸ್ಟಿಗೆ ಕಂಪ್ಯೂಟರ್ ಬಲ್ಲವನು ಅವನೊಬ್ಬನೇ ಸಿಕ್ಕಿದ್ದರಿಂದ, ಕಾರ್ಯದರ್ಶಿಯಾದ ನಾನು ಸಹಿಸಿಕೊಂಡಿದ್ದೆ.

ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರ ಹೆಸರುಗಳನ್ನು ಟ್ರಸ್ಟಿನ ವೆಬ್‌ಸೈಟಿಗೆ ಹಾಕುತ್ತಿದ್ದೆವು. ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಕೇಂದ್ರಗಳವರೂ ಅದನ್ನು ನೋಡಿಯೇ ಜನರನ್ನು ಆಸ್ಪತ್ರೆಯ ವ್ಯಾನಿಗೆ ಹತ್ತಿಸುತ್ತಿದ್ದರು. ಹಳ್ಳಿಗಳಲ್ಲಿ ರೋಗಿಗಳ ಕೈಗೆ ಕೊಡುವ ಚೀಟಿ ಬರೆಯುವವರು ಕಿವಿಗೆ ಬಿದ್ದ ಹಾಗೆ ಬರೆಯುತ್ತಾರೆ, ಹೊಂಬಮ್ಮ ಒಂಬಮ್ಮನಾಗುತ್ತಾಳೆ. ಅದಕ್ಕೆಂದು ನಿಂಗರಾಜು ಸೈಟಿಗೆ ತನ್ನದೇ ಕೆಲವು ಸಾಲು ಕೋಡ್ ಸೇರಿಸಿದ್ದ. ‘ಹ’ ಬಿಟ್ಟು ಹುಡುಕಿದರೂ ಹೆಸರು ಸಿಗುತ್ತಿತ್ತು.

ಬೆಂಗಳೂರಿನವರು ಸೈಟಿಗೆ ಹೊಸ ವಿನ್ಯಾಸ ಮಾಡಿ ಫ್ಲಾಪಿಯಲ್ಲಿ ಕಳಿಸಿದರು. ವರ್ಷಕ್ಕೊಮ್ಮೆ ನಡೆಯುವ ಶಸ್ತ್ರಚಿಕಿತ್ಸಾ ಶಿಬಿರದ ಬೆಳಿಗ್ಗೆ, ನಿಂಗರಾಜು ಎಂದಿನಂತೆ ತಡವಾಗಿ ಬರುವಷ್ಟರಲ್ಲಿ, ನಮ್ಮ ಗುಮಾಸ್ತೆ ಸಹನ ಹಳೆಯ ಪುಟಗಳ ಮೇಲೆ ಹೊಸವನ್ನು ಹಾಕಿಬಿಟ್ಟಿದ್ದಳು. ಬಣ್ಣ ಚೆನ್ನಾಗಿತ್ತು.

ಮೊದಲು ಬಂದವಳು ಕ್ಯಾತನಹಳ್ಳಿಯ ಹೊಂಬಮ್ಮ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಮಂಜಾಗಿತ್ತು. ಸಹನ ಚೀಟಿಯಲ್ಲಿದ್ದಂತೆ ‘ಒಂಬಮ್ಮ’ ಎಂದು ಹುಡುಕಿ, ಹೆಸರಿಲ್ಲವೆಂದಳು. ಅವಳು ಚೀಟಿ ಮಡಚಿಕೊಂಡು ಊರಿಗೆ ಹೊರಟಳು. ಆಮೇಲೆ ಬಂದ ಹನುಮಯ್ಯನ ಚೀಟಿಯಲ್ಲಿ ‘ಅನುಮಯ್ಯ’ ಎಂದಿತ್ತು, ಅವನ ಹೆಸರೂ ಸಿಗಲಿಲ್ಲ. ಅವನು ಸುಮ್ಮನೆ ಹೋಗುವವನಲ್ಲ.

“ಡಾಕ್ಟ್ರೇ ಬಾ ಅಂದವ್ರೆ. ನಿಮ್ ಪೆಟ್ಗೆ ಏನ್ ನೋಡ್ತದವ್ವ? ಅದ್ಕೂ ಕಣ್ಗೆ ಪೊರೆ ಬಂದದಾ?”

ಆಗ ಒಳಗೆ ಬಂದ ನಿಂಗರಾಜು ಪರದೆ ನೋಡಿದ. “ನನ್ ಸಾಲ್ನೆಲ್ಲ ಏನ್ ಮಾಡ್ದಮ್ಮೀ?”

ಸಹನ ಕುರ್ಚಿಯಿಂದ ಎದ್ದುಬಿಟ್ಟಳು. “ಎಲ್ಲಾ ಹೋಯ್ತಾ ಅಣ್ಣ?”

ಮತ್ತೆ ಬರೆಯಲು ಎಷ್ಟು ಹೊತ್ತು ಬೇಕೆಂದು ನಾನು ಕೇಳಿದೆ. ವ್ಯಾನು ಬಾಗಿಲಲ್ಲಿ ನಿಂತಿತ್ತು. ಮುಂದಿನ ಶಿಬಿರ ಇನ್ನು ಬರುವ ವರ್ಷ.

“ಒಂದ್ಸಲ ಬರ್ದಿದ್ದೇ ಎಚ್ಚು ಮೇಡಂ. ಪುಟ ಪುಟಕ್ಕೂ ಯಾರ್ ಬರೀತಾರೆ ಅಂತ ಬ್ಯಾರೆ ಒಂದು ಫೈಲ್ನಲ್ಲಿ ಇಟ್ಟಿವ್ನಿ. ಫ್ಲಾಪೀಲಿ ಆ ಹೆಸ್ರಿನ ಫೈಲೇ ಇಲ್ಲ. ಅದ್ರ ಮ್ಯಾಲೆ ಏನೂ ಬಿದ್ದಿಲ್ಲ, ಅಂಗೇ ಅದೆ.”

ಹೋದದ್ದು ಆ ಫೈಲನ್ನು ಕರೆಯುವ ಒಂದು ಸಾಲು ಮಾತ್ರ. ಅದನ್ನು ಹೊಸ ಪುಟಗಳಿಗೆ ಸೇರಿಸಿದ. ಸಹನ ‘ಅನುಮಯ್ಯ’ ಎಂದು ಹೊಡೆದಳು. ಹನುಮಯ್ಯ ಸಿಕ್ಕಿದ.

“ಪೊರೆ ತೆಗ್ದ್ರಾ?” ಎನ್ನುತ್ತ ಅವನು ವ್ಯಾನ್ ಹತ್ತಿದ. ಎಲ್ಲರೂ ನಕ್ಕರು. ಉಳಿದ ಕೇಂದ್ರಗಳಿಗೆ ಫೋನ್ ಮಾಡಿದೆವು. ಅಲ್ಲಿ ಇನ್ನೂ ಯಾರನ್ನೂ ವಾಪಸು ಕಳಿಸಿರಲಿಲ್ಲ. ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಉಪಾಯದಿಂದಲೇ ಕೆಲಸ ಉಳಿದಿತ್ತು. ನನಗೆ ನೆಮ್ಮದಿಯಾಯಿತು, ನಿಂಗರಾಜುವಿನ ಬಗ್ಗೆ ಅಭಿಪ್ರಾಯವೇನೂ ಬದಲಾಗಲಿಲ್ಲ.

“ಅಯ್ಯೋ, ಒಂಬಮ್ಮನ್ನ ಕಳಿಸ್ಬುಟ್ನಲ್ಲಣ್ಣ!” ಎಂದಳು ಸಹನ.

ನಿಂಗರಾಜು ಎದ್ದ. “ಡ್ರೈವರ್ನ ನಿಲ್ಸು. ಟೀ ತರ್ಸಿಡು” ಎಂದವನೇ ಅವಳ ಲೇಡೀಸ್ ಸೈಕಲ್ ಹತ್ತಿ ಕ್ಯಾತನಹಳ್ಳಿಯ ದಾರಿ ಹಿಡಿದ.

ಡ್ರೈವರ್ ಹಾರನ್ ಮೇಲೆ ಹಾರನ್ ಹೊಡೆಯುತ್ತಿರುವಾಗ ಅವನು ಬೆವರಿಳಿಸಿಕೊಂಡು ಬಂದ. ಸೈಕಲಿನ ಕ್ಯಾರಿಯರ್ ಮೇಲೆ ಹೊಂಬಮ್ಮ ಕೂತಿದ್ದಳು. ತುಳಿದರೆ ಬಿದ್ದುಹೋಗುತ್ತೇನೆ ಎಂದು ಹೆದರಿದಳಂತೆ. ಅಷ್ಟು ದೂರವೂ ತಳ್ಳಿಕೊಂಡೇ ಬಂದಿದ್ದ.