ಹಸುವಿನ ಹೊಟ್ಟೆಗೆ ಹೆಪ್ಪು

ಪಶು ಆಸ್ಪತ್ರೆಯ ಕೊಟ್ಟಿಗೆಯಲ್ಲಿ ಇಪ್ಪತ್ತಾರು ವರ್ಷ ಸಗಣಿ ಬಾಚಿದ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಮೆಲುಕಕ್ಕ’ ಎಂದೇ. ಬೆಳಿಗ್ಗೆ ಪೊರಕೆ ಹಿಡಿಯುವ ಮೊದಲು ಒಂದೊಂದು ಹಸುವಿನ ಎಡ ಪಕ್ಕೆಗೂ ಅಂಗೈ ಒತ್ತಿ ನಿಲ್ಲುವುದು ಆಕೆಯ ರೂಢಿ. ಒಳಗೆ ಹೊಟ್ಟೆ ಹೊರಳಿದ್ದು ಗೊತ್ತಾದರೆ ಮೇವು ಅರಗುತ್ತಿದೆ ಎಂಬ ಸಮಾಧಾನ. ಮನೆಗೆ ಹೋದರೆ ಗಂಡ ಮೂಗು ಮುಚ್ಚಿಕೊಳ್ಳುತ್ತಿದ್ದ.

“ನಿನ್ನ ಹಿಂದೆ ಹಸುನೂ ಬಂದಿದೆಯೇನೇ?”

“ಬಂದ್ರೆ ನಿಮಗಿಂತ ಅದೇ ವಾಸಿ. ಹಾಕಿದ್ದನ್ನ ಕೊಂಕು ತೆಗೀದೆ ತಿನ್ನುತ್ತೆ.”

ಒಮ್ಮೆ, ಧಾನ್ಯದ ಮೂಟೆಗೆ ಬಾಯಿ ಹಾಕಿ ಹೊಟ್ಟೆ ಬಿರಿಯುವಷ್ಟು ತಿಂದ ಬಿಳಿ ಹಸುವೊಂದನ್ನು ತಂದರು. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಹೇಗೋ ಜೀವ ಉಳಿಸಿದರು. ಆದರೆ ಮೂರು ದಿನವಾದರೂ ಅದು ಹುಲ್ಲು ಮೂಸಲಿಲ್ಲ. ಪಕ್ಕೆ ಮುಟ್ಟಿದರೆ ಒಳಗೆ ಅಲುಗಾಟವೇ ಇಲ್ಲ.

“ಹುಲ್ಲಿನ ನಾರನ್ನ ಹಸು ತಾನೇ ಅರಗಿಸಿಕೊಳ್ಳಲ್ಲ ಅಕ್ಕ,” ಎಂದರು ಡಾಕ್ಟರಮ್ಮ. “ಹೊಟ್ಟೇಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಲೆ ಇರ್ತವೆ. ನಾರು ಒಡೆಯೋದು ಅವು. ಅವು ಮಾಡಿಕೊಟ್ಟದ್ದರಲ್ಲೇ ಹಸು ಬದುಕೋದು. ಧಾನ್ಯ ಮಿತಿಮೀರಿ ಹೊಟ್ಟೆ ಹುಳಿಯಾಯ್ತು, ಅವೆಲ್ಲ ಸತ್ತುಹೋದ್ವು.”

ಮೆಲುಕಕ್ಕ ಕೈಯಲ್ಲಿದ್ದ ಹುಲ್ಲನ್ನೇ ನೋಡಿದಳು. ಇಷ್ಟು ವರ್ಷ ತಾನು ಮೇವು ಹಾಕಿದ್ದು ಯಾರಿಗೆ ಹಾಗಾದರೆ!

“ನಮ್ಮ ಕರಿ ಮುದುಕಿ ಹೊಟ್ಟೇಲಿ ಅವು ಬೇಕಾದಷ್ಟಿರ್ಬೇಕಲ್ಲ? ಹಾಲಿಗೆ ಹೆಪ್ಪು ಹಾಕೋ ಹಾಗೆ ಒಂಚೂರು ತಂದು ಹಾಕಿದ್ರೆ?”

ಡಾಕ್ಟರಮ್ಮ ನಕ್ಕುಬಿಟ್ಟರು. “ಓದಿದ್ದೆ. ಮಾಡಿ ನೋಡೋ ಧೈರ್ಯ ಇರಲಿಲ್ಲ. ನೀವಿದ್ದೀರಲ್ಲ, ಬನ್ನಿ.”

ಕರಿ ಮುದುಕಿ ಎಂದರೆ ಆಸ್ಪತ್ರೆಯದೇ ಹಳೇ ಹಸು. ಮೆಲುಕಕ್ಕ ಅದರ ಕತ್ತು ತಬ್ಬಿ ನಿಂತಳು. ಡಾಕ್ಟರಮ್ಮ ಬಾಯಿಂದ ಹೊಟ್ಟೆಗೆ ನಳಿಗೆ ಇಳಿಸಿ ಹಸಿರು ರಸ ಎಳೆದರು. ಅರ್ಧ ಬಕೆಟ್ ಸಿಕ್ಕಿತು, ಡಾಕ್ಟರಮ್ಮನ ಬಿಳಿ ಕೋಟಿಗೂ ಪಾಲು ಸಿಕ್ಕಿತು. ಬಟ್ಟೆಯಲ್ಲಿ ಸೋಸಿ, ಆರುವ ಮೊದಲೇ ಬಿಳಿ ಹಸುವಿಗೆ ಇಳಿಸಿದರು.

ಮರುದಿನ ಬೆಳಿಗ್ಗೆ ಪಕ್ಕೆಗೆ ಕೈಯಿಟ್ಟರೆ ಏನೂ ಇಲ್ಲ. ಮಧ್ಯಾಹ್ನವೂ ಇಲ್ಲ. ಮೆಲುಕಕ್ಕನಿಗೆ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಸಂಜೆ ಚೀಲ ಹೆಗಲಿಗೇರಿಸಿ ಹೊರಟವಳು, ಮನಸ್ಸು ತಡೆಯದೆ ಇನ್ನೊಮ್ಮೆ ಅಂಗೈ ಒತ್ತಿದಳು. ಒಳಗೆ ಏನೋ ಮೆಲ್ಲಗೆ ಮಗ್ಗುಲು ಬದಲಿಸಿತು.

“ಡಾಕ್ಟರಮ್ಮಾ! ಹೊರಳ್ತು, ಹೊರಳ್ತು!”

ಡಾಕ್ಟರಮ್ಮ ಓಡಿ ಬರುವಷ್ಟರಲ್ಲಿ ಹಸು ಎರಡು ಎಸಳು ಒಣಹುಲ್ಲು ಎಳೆದುಕೊಂಡಿತ್ತು. ಮೂರನೆಯ ದಿನ ಮಲಗಿ ಮೆಲುಕು ಹಾಕಿತು. ವಾರ ಕಳೆಯುವುದರೊಳಗೆ ಮನೆಗೂ ಹೋಯಿತು.

ಆಮೇಲೆ ಮೆಲುಕಕ್ಕ ನಿವೃತ್ತಳಾಗುವವರೆಗೂ ಕರಿ ಮುದುಕಿಯಿಂದ ಏಳು ಹಸುಗಳಿಗೆ ಹೆಪ್ಪು ಹೋಯಿತು. ಐದು ಬದುಕಿದವು.